ಮಹದೇವಮ್ಮ ಮೇಡಂ ಮತ್ತು ಜಕ್ಕಿಣಿ

ಮಹದೇವಮ್ಮ ಮೇಡಂ ಹೊಚ್ಚ ಹೊಸ ಸೀರೆ ಉಟ್ಟದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಸೀರೆಗಳಿಗೇನೂ ಅವರಿಗೆ ಬರವಿರಲಿಲ್ಲ. ತಿಂಗಳಿಗೊಮ್ಮೆಯಾದರೂ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪೇಟೆಗೆ ಹೋಗಿ, ಅಂಗಡಿಯವನ ತಾಳ್ಮೆಯನ್ನೆಲ್ಲ ಪರೀಕ್ಷೆ ಮಾಡಿ ಒಂದು ಸೀರೆ ತರುತ್ತಿದ್ದರು. ಆದರೆ ಆ ಸೀರೆ ಮೊದಲು ಅವರ ಮನೆಯ ಒಳಕೋಣೆಯಲ್ಲಿ, ಗೋಡೆಗೆ ತೂಗುಹಾಕಿದ ಒಂದು ಫೋಟೋದ ಮುಂದೆ, ಹೂವು ಕುಂಕುಮದ ಜೊತೆ ಒಂದು ರಾತ್ರಿ ಕಳೆಯಬೇಕು. ಮರುದಿನ ಉಟ್ಟು ಸ್ಕೂಲಿಗೆ ಬರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಯಾರಾದರೂ "ಹೊಸಾದಾ ಮೇಡಂ?" ಎಂದು ಕೇಳಿದರೆ ಸೆರಗು ಸರಿಮಾಡಿಕೊಂಡು, "ಇಲ್ಲ ಕಣ್ರೀ, ಅಕ್ಕಂದು. ಅವಳು ಉಟ್ಟುಬಿಟ್ಟಿದ್ದು ನಂಗೆ ಬಂದಿದೆ" ಎನ್ನುತ್ತಿದ್ದರು.

ಆ ಅಕ್ಕನನ್ನು ಮೇಡಂ ಕಣ್ಣಾರೆ ಕಂಡವರಲ್ಲ. ಅವಳ ಹೆಸರು ಗೌರಿ. ಮೇಡಮ್ಮಿನ ಗಂಡ ಸಿದ್ದರಾಜು ಅವರ ಮೊದಲ ಹೆಂಡತಿ. ಕೈಗೂಸನ್ನು ಬಿಟ್ಟು ತೀರಿಕೊಂಡವಳು. ಆ ಕೂಸು ಇಂಚರ. ಮೇಡಂ ಮದುವೆಯಾಗಿ ದಟ್ಟಗಳ್ಳಿಯ ಆ ಮನೆಗೆ ಬಂದಾಗ ಅದಿನ್ನೂ ತೆವಳುತ್ತಿತ್ತಂತೆ. ಸ್ವಂತ ಮಗು ಆಗಲಿಲ್ಲ, ಬೇಕು ಎಂದು ಅವರು ಅಂದದ್ದನ್ನೂ ನಾನು ಕೇಳಲಿಲ್ಲ. "ಅಕ್ಕ ಹೆತ್ತು ಕೊಟ್ಟವಳೆ, ನಾನು ಸಾಕ್ತೀನಿ. ಕಷ್ಟದ ಕೆಲಸ ಅವಳೇ ಮುಗಿಸಿ ಹೋದ್ಲು" ಎಂದು ನಗುತ್ತಿದ್ದರು.

ಅವರ ಕತ್ತಿನಲ್ಲಿ ತಾಳಿಯ ಪಕ್ಕ, ಕರಿದಾರದಲ್ಲಿ ಪೋಣಿಸಿದ ಒಂದು ಬೆಳ್ಳಿ ಬಿಲ್ಲೆ ಇತ್ತು. ಉಗುರಿನಷ್ಟಗಲ. ಮೇಲೆ ಒಂದು ಹೆಣ್ಣಿನ ಆಕಾರ, ಸವೆದು ಕಣ್ಣು ಮೂಗು ಕಾಣದಂತಾಗಿತ್ತು. ಎರಡನೆಯವಳಾಗಿ ಬರುವ ಸೊಸೆ ಮೊದಲನೆಯವಳ ಹೆಸರಿನಲ್ಲಿ ಬಿಲ್ಲೆ ಕಟ್ಟಿಕೊಳ್ಳುವುದು ಆ ಮನೆತನದ ಪದ್ಧತಿ. ಬೋರ್ಡಿನ ಮೇಲೆ ಎತ್ತರದಲ್ಲಿ ಬರೆಯುವಾಗ ಅದು ಹೊರಗೆ ಬಂದು ತಾಳಿಗೆ ತಾಗಿ ಟಿಣ್ ಎನ್ನುತ್ತಿತ್ತು. ಊಟಕ್ಕೆ ಕೂತರೆ ಡಬ್ಬಿಯ ಮುಚ್ಚಳದಲ್ಲಿ ಮೊದಲ ತುತ್ತು ಅಕ್ಕನಿಗೆ. ಆಮೇಲೆ ಇವರ ಊಟ. ಕೊನೆಗೆ ಮೊಸರು. ಅದೊಂದಿಲ್ಲದಿದ್ದರೆ ಈ ಹೆಂಗಸು ಎಲೆಯ ಮುಂದಿನಿಂದ ಏಳುತ್ತಲೇ ಇರಲಿಲ್ಲ. ಸಹೋದ್ಯೋಗಿಯ ಮಗನ ಮದುವೆಯಲ್ಲಿ ಮೊಸರು ಮುಗಿದಿತ್ತು ಎಂದು, ಮುಂದಿನ ಪಂಕ್ತಿಯವರು ಬಂದು ಕುರ್ಚಿ ಹಿಡಿದು ನಿಂತಿದ್ದರೂ ಕೂತೇ ಇದ್ದರು. ನಾನು ನಾಚಿಕೆಯಿಂದ ಸತ್ತೆ.

ನಾನು ಅದೇ ಸ್ಕೂಲಿನಲ್ಲಿ ಗಣಿತ ಹೇಳುವವಳು. ಮೇಡಂ ನನಗಿಟ್ಟಿದ್ದ ಹೆಸರು ಲೆಕ್ಕದಮ್ಮ. ನನಗೆ ದೆವ್ವ ದೇವರು ಎರಡರ ಮೇಲೂ ಅಷ್ಟಕ್ಕಷ್ಟೆ. ಒಮ್ಮೆ ಆ ಬಿಲ್ಲೆ ತೋರಿಸಿ, "ಇದರಲ್ಲಿರೋದು ಯಾರು ಮಹಾರಾಯ್ತಿ?" ಎಂದು ಕೇಳಿದೆ.

"ಜಕ್ಕಿಣಿ" ಎಂದರು.

"ಅಂದ್ರೆ ದೆವ್ವ. ಕನ್ನಡ ಮೇಡಂ ಆಗಿ ಕತ್ತಲ್ಲಿ ದೆವ್ವ ಕಟ್ಕೊಂಡು ಓಡಾಡ್ತಿದ್ದೀರಲ್ಲ."

"ದೆವ್ವ ಅನ್ನೋದು ತೀರ ಆಮೇಲೆ ಬಂದಿದ್ದು ಲೆಕ್ಕದಮ್ಮ. ನೀವು ಕೊನೇ ಪುಟ ನೋಡಿ ಪುಸ್ತಕ ಮುಚ್ಚೋರು. ಕೂತ್ಕೊಳ್ಳಿ ಹೇಳ್ತೀನಿ."

ಹೇಳಲು ಶುರುಮಾಡಿದರೆ ಮುಂದಿನ ಪೀರಿಯಡ್ಡಿನ ಬೆಲ್ಲೂ ಅವರಿಗೆ ಕೇಳಿಸುತ್ತಿರಲಿಲ್ಲ. ಯಾತ್ರೆ ಜಾತ್ರೆಯಾಯಿತು, ಯೋಗಿ ಜೋಗಿಯಾದ, ಯೌವನ ಜವ್ವನವಾಯಿತು. ಹಾಗೆಯೇ ಯಕ್ಷ ಪ್ರಾಕೃತದವರ ಬಾಯಲ್ಲಿ ಜಕ್ಖನಾಗಿ, ನಮ್ಮಲ್ಲಿಗೆ ಬಂದು ಜಕ್ಕನಾದ, ಯಕ್ಷಿಣಿ ಜಕ್ಕಿಣಿಯಾದಳು. ಇಷ್ಟು ಹತ್ತನೇ ಕ್ಲಾಸಿನ ಮಕ್ಕಳೂ ಬಾಯಿಪಾಠ ಮಾಡುತ್ತವೆ. ಮೇಡಂ ಅಲ್ಲಿಗೆ ಬಿಡುತ್ತಿರಲಿಲ್ಲ. ಆ ಯಕ್ಷ ಎಲ್ಲಿಂದ ಬಂದ? ತಟ್ಟನೆ ಕಾಣಿಸಿಕೊಂಡು ಬೆರಗು ಹುಟ್ಟಿಸುವಂಥದ್ದು ಎಂಬ ಅರ್ಥ ಬಹಳ ಹಳೆಯದು ಎನ್ನುತ್ತಾರೆ. ಪೂಜೆ ಮಾಡು ಎನ್ನುವ ಧಾತುವಿಗೆ ಗಂಟು ಹಾಕುವವರೂ ಇದ್ದಾರೆ. ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳುವಾಗ ಅವರ ಮುಖ ಅರಳುತ್ತಿತ್ತು. ನಾನಾಗಿದ್ದರೆ ಉತ್ತರವಿಲ್ಲದ ಲೆಕ್ಕ ಕೊಟ್ಟವನನ್ನು ಬೈಯುತ್ತಿದ್ದೆ.

"ಮರ ಕಾಯೋಳು, ಕೊಳ ಕಾಯೋಳು, ನಿಧಿ ಕಾಯೋಳು ಅವಳು. ಬಸದಿಗಳಲ್ಲಿ ತೀರ್ಥಂಕರರ ಪಕ್ಕ ಅವಳನ್ನ ಕೂರಿಸಿದ್ದಾರೆ. ಶಾಸನಗಳಲ್ಲಿ ಜಕ್ಕವ್ವೆ, ಜಕ್ಕಿಯಬ್ಬೆ ಅಂತ ಹೆಣ್ಣುಮಕ್ಕಳ ಹೆಸರೇ ಸಿಗುತ್ತೆ. ಯಾವ ತಾಯಿ ಹೆತ್ತ ಮಗಳಿಗೆ ದೆವ್ವದ ಹೆಸರಿಡ್ತಾಳೆ ಹೇಳಿ?" ಆಮೇಲೆ ಸ್ವರ ತಗ್ಗಿಸಿ, ಇದು ನನ್ನ ಊಹೆ ಎಂದು ಮೊದಲೇ ಹೇಳಿ, ಮುಂದುವರಿಸುತ್ತಿದ್ದರು. "ಮುತ್ತೈದೆಯಾಗಿ ಸತ್ತೋಳು ಮನೆ ಕಾಯ್ತಾಳೆ ಅಂತ ಅವಳಿಗೂ ಅದೇ ಹೆಸರು ಕೊಟ್ಟಿರಬೇಕು. ದಿನ ಹೋಗ್ತಾ ಹೋಗ್ತಾ ಕಾಯೋದು ಮರ್ತೋಯ್ತು, ಸತ್ತಿದ್ದೊಂದು ನೆನಪಲ್ಲಿ ಉಳೀತು. ಪದ ಅಂದ್ರೆ ಸೊಸೆ ಇದ್ದಂಗೆ ಕಣ್ರೀ. ತವರಲ್ಲಿ ಏನಾಗಿದ್ಲು ಅಂತ ಬಂದ ಮನೇಲಿ ಯಾರೂ ಕೇಳಲ್ಲ."

ಒಮ್ಮೆ ನಮ್ಮ ಸ್ಕೂಲಿಗೆ ಕೈಚಳಕ ತೋರಿಸುವವನು ಬಂದಿದ್ದ. ಕರವಸ್ತ್ರದಿಂದ ಪಾರಿವಾಳ ತೆಗೆದ. ನಾಲ್ಕನೇ ಕ್ಲಾಸಿನ ಸಾಲಿನಲ್ಲಿ ಕೂತಿದ್ದ ಇಂಚರ ಬಿದ್ದು ಬಿದ್ದು ನಗುತ್ತಿದ್ದಳು. ಮೇಡಂ ನನ್ನ ಕಿವಿಯಲ್ಲಿ, "ಇದಕ್ಕೂ ಯಕ್ಷಿಣಿ ವಿದ್ಯೆ ಅಂತಾರೆ. ಪಾಪ, ನಮ್ಮ ಅಕ್ಕನ್ನ ಎಲ್ಲೆಲ್ಲಿ ದುಡಿಸ್ತಾರೆ ನೋಡಿ" ಎಂದರು. ನಾವಿಬ್ಬರೂ ನಕ್ಕು ಹೆಡ್‌ಮಿಸ್ ಕೈಲಿ ಬೈಸಿಕೊಂಡೆವು. ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಕೊನೆ.

ಮರುವರ್ಷ ಅವರ ಹೊಟ್ಟೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಡಾಕ್ಟರು ಸ್ಕ್ಯಾನಿಗೆ ಬರೆದರು. ಸಿದ್ದರಾಜು ವೈರಿಂಗ್ ಕೆಲಸ ಮಾಡಿಸುವವರು, ಬೋಗಾದಿಯ ಕಡೆ ಯಾವುದೋ ಹೊಸ ಕಟ್ಟಡದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹಾಗಾಗಿ ಜೊತೆಗೆ ಹೋದವಳು ನಾನು. ಒಳಗೆ ಕರೆದ ಹುಡುಗಿ, ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು ಎಂದಳು. ಮೇಡಂ ಬಳೆ ತೆಗೆದರು, ತಾಳಿ ತೆಗೆದರು, ಬಿಲ್ಲೆಯ ಹತ್ತಿರ ಬಂದು ಕೈ ನಿಂತಿತು. ಮದುವೆಯಾದ ಮೇಲೆ ಅದು ಅವರ ಕತ್ತಿನಿಂದ ಇಳಿದಿರಲಿಲ್ಲ. "ಸ್ವಲ್ಪ ಹೊತ್ತು ಲೆಕ್ಕದಮ್ಮನ ಹತ್ರ ಇರಕ್ಕ" ಎಂದು ಅದಕ್ಕೆ ಹೇಳಿ ನನ್ನ ಅಂಗೈಯಲ್ಲಿಟ್ಟರು. ಮೈಯ ಬಿಸಿ ಅದರಲ್ಲಿ ಇನ್ನೂ ಇತ್ತು.

ರಿಪೋರ್ಟು ಬಂತು. ಗಂಟು ಒಳ್ಳೆಯದಾಗಿರಲಿಲ್ಲ, ಒಂದೇ ಕಡೆ ಇರಲೂ ಇಲ್ಲ.

ಅವರ ಅತ್ತೆ ಕೆಂಪಮ್ಮನವರು ಹಳ್ಳಿಯಲ್ಲಿ ಬಾಳಿ, ಮಗನ ಜೊತೆ ಇರಲು ಮೈಸೂರಿಗೆ ಬಂದವರು. ರಿಪೋರ್ಟಿನಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ. ಸೊಸೆಯ ಕತ್ತು ನೋಡಿ, "ಅಲ್ಲಿ ಬಿಲ್ಲೆ ಬಿಚ್ಚುದ್ಯಾ?" ಎಂದರು. ಮೇಡಮ್ಮಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮುದುಕಿ ಅಲ್ಲೇ ಸೋಫಾದ ಕಾಲಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು.

"ಬುಡಬಾರದಾಗಿತ್ತು ಕಣವ್ವ. ಗೌರಿ ಮುನಿಸ್ಕೊಂಡವ್ಳೆ. ಜಕ್ಕಿಣಿ ಆಗಿ ತಿರುಗಿ ಬಂದವ್ಳೆ. ಈಗ ನಿನ್ನ ಹಿಡ್ದವ್ಳೆ, ನಾಳೀಕೆ ಮಗೀನೂ ಎತ್ಕೊಂಡೋಯ್ತಾಳೆ. ನಾ ಏನ್ ಮಾಡ್ಲಿ, ಎಂಗೆ ತಡೀಲಿ."

ಮೊದಲು ಗಂಟು, ಆಮೇಲೆ ಸ್ಕ್ಯಾನು, ಆಮೇಲೆ ಬಿಲ್ಲೆ. ಈ ಕ್ರಮವನ್ನು ನಾನು ಆ ಮನೆಯಲ್ಲಿ ಮಗ್ಗಿಯ ಹಾಗೆ ಹೇಳಿದೆ. ಕೋಪದಲ್ಲಿ ಗಂಟಲು ಹರಿಯುವ ಹಾಗೆ ಹೇಳಿದೆ. ಕೆಂಪಮ್ಮ ತಲೆಯಾಡಿಸಿದರು, ಕಿವಿಗೆ ಹಾಕಿಕೊಳ್ಳಲಿಲ್ಲ. ಅವರನ್ನು ಕೆಟ್ಟವರು ಎನ್ನಲು ಬಾಯಿ ಬರುವುದಿಲ್ಲ. "ಒಬ್ಳು ಸೊಸೇನ ಮಣ್ಣಿಗೆ ಕೊಟ್ಟೆ ಕಣಮ್ಮ. ಇವಳ್ನೂ ಕೊಡು ಅಂದ್ರೆ ನನ್ನ ಕೈಲಾದದಾ?" ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತ ಹೆಂಗಸು ಅದು. ಆದರೆ ಅವರ ಅಳುವನ್ನು ಬಾಗಿಲ ಸಂದಿಯಿಂದ ಇಂಚರ ಕೇಳಿಸಿಕೊಂಡಿದ್ದಳು.

ಅಂದಿನಿಂದ ಆ ಹುಡುಗಿ ಒಳಕೋಣೆಗೆ ಕಾಲಿಡಲಿಲ್ಲ. ಫೋಟೋದಲ್ಲಿರುವ ತನ್ನ ಹೆತ್ತ ತಾಯಿಯ ಮುಖ ನೋಡಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಮ್ಮ ಅಮ್ಮ ಎಂದು ಸೆರಗಿಗೆ ಅಂಟಿಕೊಂಡಿರುತ್ತಿದ್ದವಳು ಮೇಡಮ್ಮಿನಿಂದ ಒಂದು ಮಾರು ದೂರ ನಿಲ್ಲತೊಡಗಿದಳು. ಅವರ ಕತ್ತಿನಲ್ಲಿ ಬಿಲ್ಲೆ ಇತ್ತಲ್ಲ. ಬಿಲ್ಲೆ ತೆಗೆದಿಟ್ಟರೆ ಅತ್ತೆ ಅನ್ನ ಬಿಟ್ಟು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾರೆ; ಹಾಕಿಕೊಂಡರೆ ಮಗಳು ಹತ್ತಿರ ಬರುವುದಿಲ್ಲ. ರವಿಕೆಯ ಒಳಗೆ ಪಿನ್ನು ಹಾಕಿ ಬಚ್ಚಿಟ್ಟುಕೊಂಡು ನೋಡಿದರು. ಮಗಳಿಗೆ ಅದು ಅಲ್ಲಿರುವುದು ಗೊತ್ತಿತ್ತು.

ಆಮೇಲೆ ನಾನು ನೋಡಿದ್ದು ಬೇರೆಯೇ ಮಹದೇವಮ್ಮ ಮೇಡಂ. ಔಷಧದಿಂದ ಕೂದಲು ಉದುರುತ್ತಿತ್ತು, ನಾಲಗೆಗೆ ರುಚಿ ಸತ್ತಿತ್ತು. ಅದಾವುದರ ಚಿಂತೆಯೂ ಅವರಿಗಿರಲಿಲ್ಲ. ಜಕ್ಕಿಣಿ ಎಂಬ ಆ ಒಂದು ಪದವನ್ನು ಮಗಳಿಗೆ ಮತ್ತೆ ಕಲಿಸಬೇಕು. ದಿನ ಕಡಿಮೆ ಇವೆ ಎನ್ನುವುದು ಅವರಿಗೆ ನಮಗಿಂತ ಮೊದಲೇ ತಿಳಿದಿತ್ತು. ಒಂದು ಮಧ್ಯಾಹ್ನ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಾ, ಕ್ಲಿಪ್ಪು ಕೈಯಿಂದ ಜಾರಿದಾಗ, ಅದನ್ನು ಎತ್ತಿಕೊಳ್ಳದೆ ಹೇಳಿದರು.

"ನಾನು ಸಾಯೋದಕ್ಕೆ ಹೆದರ್ತಿಲ್ಲ ಅಂದ್ರೆ ಸುಳ್ಳು. ಹೆದರ್ತೀನಿ. ಆದ್ರೆ ನಾನು ಹೋದ್ಮೇಲೆ ನನ್ನನ್ನೂ ಅದೇ ಪದದಲ್ಲಿ ಕರೀತಾರಲ್ಲ, ನನ್ನ ಮಗಳು ನನ್ನ ಫೋಟೋ ಕಂಡ್ರೆ ಓಡಿಹೋಗ್ತಾಳಲ್ಲ, ಅದನ್ನ ಹೆಂಗೆ ತಡ್ಕೊಳ್ಳಲಿ ಹೇಳಿ. ಹೆತ್ತೋಳ್ನೂ ಕಳ್ಕೊಂಡ್ಲು, ಸಾಕ್ದೋಳ್ನೂ ಕಳ್ಕೊತಾಳೆ. ಸತ್ತಮೇಲೂ ಕಳ್ಕೊಳ್ಳೋದು ಅಂದ್ರೆ ಇದೇ ಕಣ್ರೀ."

ನಾನು ಬಿದ್ದ ಕ್ಲಿಪ್ಪನ್ನು ಎತ್ತಿ ಬಟ್ಟೆಗೆ ಹಾಕಿದೆ.

ಅವರಿಗೆ ಹೊಳೆದ ಉಪಾಯ, ಮಗಳಿಗೆ ಒಬ್ಬಳು ಜಕ್ಕಿಣಿಯನ್ನು ಕಣ್ಣೆದುರು ತೋರಿಸುವುದು. ಹುಣಸೂರು ರಸ್ತೆಯಲ್ಲಿ ಒಳಗೆ ಹೋದರೆ ಒಂದು ಹಳ್ಳಿಯಲ್ಲಿ ಚಿಕ್ಕ ಬಸದಿ ಇದೆ. ಅಲ್ಲಿನ ಯಕ್ಷಿಯನ್ನು ಅವರು ಹಿಂದೆ ಮಕ್ಕಳ ಜೊತೆ ಪ್ರವಾಸ ಹೋದಾಗ ನೋಡಿದ್ದರು. ಡಾಕ್ಟರು ಮನೆ ಬಿಟ್ಟು ಕದಲಬೇಡಿ ಎಂದಿದ್ದರೂ ಕೇಳದೆ ಆಟೋ ಮಾಡಿಸಿದರು. ಮೇಡಂ ಒಂದು ತುದಿ, ನಾನು ನಡುವೆ, ಇಂಚರ ಇನ್ನೊಂದು ತುದಿ. ನಡುವೆ ನನ್ನನ್ನು ಕೂರಿಸಿದ್ದು ಇಂಚರ. ದಾರಿಯುದ್ದಕ್ಕೂ ಮೇಡಂ ನನ್ನ ಮಡಿಲ ಮೇಲಿನಿಂದ ಬಾಗಿ ಮಗಳಿಗೆ ಹೇಳುತ್ತಲೇ ಇದ್ದರು: ಹೂವಿನ ಗಿಡ ಕಾಯುವ ಜಕ್ಕಿ, ನೀರಿಗೆ ಬಿದ್ದ ಮಕ್ಕಳನ್ನು ದಡಕ್ಕೆ ತಂದು ಕೂರಿಸುವ ಜಕ್ಕಿ. ಕೊನೆಯದನ್ನು ಅವರೇ ಕಟ್ಟಿದ್ದು ಎಂದು ನನಗೆ ಗೊತ್ತಾಯಿತು. ಊಹೆಯನ್ನು ಊಹೆ ಎಂದು ಹೇಳದೆ ಅವರು ಪಾಠ ಮಾಡಿದ್ದು ಅದೊಂದೇ ಸಲ.

ಬಸದಿಯಲ್ಲಿ ಯಾರೂ ಇರಲಿಲ್ಲ. ಕರಿಕಲ್ಲಿನ ಯಕ್ಷಿ, ಎಣ್ಣೆ ಹಚ್ಚಿ ಹಚ್ಚಿ ಮಿರುಗುತ್ತಿದ್ದಳು. ಒಂದು ಕೈಯಲ್ಲಿ ಮಾವಿನ ಗೊಂಚಲು, ತೊಡೆಯ ಮೇಲೆ ಒಂದು ಮಗು. ಮುಖದಲ್ಲಿ ಊಟ ಮಾಡಿಸುವಾಗ ಇರುವಂಥ ಸಮಾಧಾನ. ನೋಡಿ ನನ್ನಂಥವಳಿಗೂ ಕೈ ಮುಗಿಯೋಣ ಅನ್ನಿಸಿತು. ಮೇಡಂ ಮಗಳ ಭುಜ ಮುಟ್ಟದೆ, ಅವಳ ಹಿಂದೆ ನಿಂತು, "ನೋಡು ಪುಟ್ಟ, ಇವಳೇ ಜಕ್ಕಿಣಿ. ಹೆದರಿಸ್ತಾಳಾ? ಮಗು ಎಷ್ಟು ಆರಾಮಾಗಿ ಕೂತಿದೆ ನೋಡು" ಎಂದರು.

ಇಂಚರ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು.

"ಈ ಮಗೂನ ಯಾರ ಮನೆಯಿಂದ ಎತ್ಕೊಂಡು ಬಂದಿದ್ದಾಳಮ್ಮಾ?"

ಮೇಡಂ ಬಸದಿಯ ಹೊಸ್ತಿಲ ಮೇಲೆ ಕೂತರು. ಕೂತದ್ದು ನೋವಿನಿಂದಲೋ ಆ ಮಾತಿನಿಂದಲೋ ತಿಳಿಯಲಿಲ್ಲ. "ಅಲ್ಲ ಕಣಮ್ಮ, ಅದು ಅವಳದ್ದೇ ಮಗು" ಎಂದು ನಾನು ಹೇಳಿದೆ. ಇಂಚರ ನನ್ನ ಮಾತು ನಂಬಲಿಲ್ಲ. ಅಮ್ಮನ ಮುಖ ನೋಡಿದಳು. ಅಮ್ಮ ತಲೆ ಎತ್ತಲಿಲ್ಲ.

ಅಲ್ಲಿಂದ ಮುಂದೆ ಎಲ್ಲ ಇಳಿಜಾರು. ಅವರು ಹಾಸಿಗೆ ಹಿಡಿದರು. ಕೆಂಪಮ್ಮ ಗೌರಿಯ ಫೋಟೋದ ಮುಂದೆ ಕೂತು ಬೇಡಿಕೊಳ್ಳುವುದು ಅಡುಗೆಮನೆಗೂ ಕೇಳಿಸುತ್ತಿತ್ತು: "ಬುಟ್ಬುಡವ್ವ ಇವಳ, ನನ್ನ ಕರ್ಕೊ." ಸಿದ್ದರಾಜು ಆಸ್ಪತ್ರೆಯ ಚೀಟಿ ಹಿಡಿದು ಬಾಗಿಲಲ್ಲಿ ನಿಂತು, ಎಲ್ಲಿಗೆ ಹೊರಟಿದ್ದೆ ಎಂಬುದನ್ನೇ ಮರೆಯುತ್ತಿದ್ದರು. ನಾನು ದಿನಾ ಸ್ಕೂಲು ಮುಗಿಸಿ ಕುವೆಂಪುನಗರದ ನನ್ನ ಮನೆಗೆ ಹೋಗುವ ಮುಂಚೆ ಅಲ್ಲಿಗೆ ಹೋಗುತ್ತಿದ್ದೆ. ಹೋಗಿ ಮಾಡುತ್ತಿದ್ದುದಾದರೂ ಏನು? ಒಂದು ಚಮಚ ಮೊಸರು ನುಂಗಿಸಲು ಒದ್ದಾಡುವುದು. ಅದೂ ಇಳಿಯುತ್ತಿರಲಿಲ್ಲ.

ಕೊನೆಯ ಭೇಟಿಯಲ್ಲಿ ಅವರಿಗೆ ಎಚ್ಚರವಿತ್ತು. ರವಿಕೆಯೊಳಗಿನ ಪಿನ್ನು ಬಿಚ್ಚಲು ನನಗೆ ಹೇಳಿದರು. ಕರಿದಾರದ ಸಮೇತ ಬಿಲ್ಲೆ ನನ್ನ ಕೈಗೆ ಬಂತು.

"ಅತ್ತೆಗೆ ಹೇಳ್ಬೇಡಿ. ಇಟ್ಕೊಳ್ಳಿ. ಅವಳು ಕೇಳಿದ್ರೆ ಕೊಡಿ. ನೀವಾಗಿ ಕೊಡ್ಬೇಡಿ. ನಾನು ಬಲವಂತ ಮಾಡ್ದೆ ಲೆಕ್ಕದಮ್ಮ, ಅದಕ್ಕೇ ಕಲೀಲಿಲ್ಲ."

"ಕೇಳದೇ ಇದ್ರೆ?"

ಅವರು ಬಾಗಿಲ ಕಡೆ ನೋಡುತ್ತಿದ್ದರು. ಇಂಚರ ಹೊಸ್ತಿಲ ಆಚೆ ನಿಂತಿದ್ದಳು. "ಈಗ ಇಲ್ಲ ಕಣೆ, ತೆಗೆದ್ಬಿಟ್ಟೆ. ಬಾರೆ" ಎಂದರು ಮೇಡಂ. ಸ್ವರ ಇರಲಿಲ್ಲ, ತುಟಿ ಆಡಿತು. ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಂದು ಕಾಲು ಒಳಗಿಟ್ಟಳು. ಮತ್ತೆ ತೆಗೆದಳು. ಮರುದಿನ ಬೆಳಿಗ್ಗೆ ಮೇಡಂ ಇರಲಿಲ್ಲ.

ನನಗೆ ಜಗತ್ತಿನ ಮೇಲೆಲ್ಲ ಸಿಟ್ಟು ಬಂದ ದಿನಗಳು ಅವು. ಮುದುಕಿಯ ಮೇಲೆ, ಮಗುವಿನ ಮೇಲೆ, ಆ ಕಲ್ಲಿನ ಯಕ್ಷಿಯ ಮೇಲೆ, ತವರು ಮರೆತ ಪದಗಳ ಮೇಲೆ. ಒಳಕೋಣೆಯ ಗೋಡೆಯಲ್ಲಿ ಗೌರಿಯ ಪಕ್ಕಕ್ಕೆ ಮಹದೇವಮ್ಮ ಮೇಡಂ ಬಂದರು, ಸ್ಕೂಲಿನ ಗುರುತಿನ ಚೀಟಿಯ ಫೋಟೋ ದೊಡ್ಡದು ಮಾಡಿಸಿದ್ದು. ಇಂಚರ ಆ ಕೋಣೆಯ ಮುಂದೆ ಹಾದುಹೋಗುವಾಗ ಎದುರು ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಬಿಲ್ಲೆ ನನ್ನ ಬೀರುವಿನಲ್ಲಿತ್ತು. ಕೇಳುತ್ತಾಳೇನೋ ಎಂದು ಪ್ರತಿ ಸಲ ಅವಳ ಮುಖ ನೋಡುತ್ತಿದ್ದೆ. ಅವಳು ಲೆಕ್ಕದ ಹೋಮ್‌ವರ್ಕ್ ಕೇಳಿ ಹೋಗುತ್ತಿದ್ದಳು.

ಮಹಾಲಯ ಅಮಾವಾಸ್ಯೆ ಬಂತು. ಆ ಮನೆಯಲ್ಲಿ ಅದು ಹಿರಿಯರ ಹಬ್ಬ. ಸತ್ತವರ ಫೋಟೋಗಳ ಮುಂದೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಎಡೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಕದ ಮುಚ್ಚುತ್ತಾರೆ. ಹೋದವರು ಬಂದು ಉಣ್ಣುವುದನ್ನು ಇರುವವರು ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಕದ ತಟ್ಟಿ ಒಳಗೆ ಹೋಗುತ್ತಾರೆ. ಕೆಂಪಮ್ಮ ನನ್ನನ್ನೂ ಕರೆದಿದ್ದರು. ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು ಹೊರಡುವುದರಲ್ಲಿದ್ದೆ, ಗೇಟಿನ ಸದ್ದಾಯಿತು. ಇಂಚರ ಸೈಕಲ್ಲು ತುಳಿದುಕೊಂಡು ಒಬ್ಬಳೇ ಬಂದಿದ್ದಳು. ಕೈಯಲ್ಲಿ ಹೊಸ ಚೂಡಿದಾರದ ಕವರು. ಮೈಮೇಲೆ ಹಳೆಯ ಫ್ರಾಕು.

"ಹಬ್ಬದ ದಿನ ಹೊಸಾದು ಹಾಕ್ಕೊಂಡಿಲ್ವೇನೇ?"

"ಮೊದ್ಲು ಅಮ್ಮಂದಿರಿಗೆ ಇಡ್ಬೇಕು. ಆಮೇಲೆ ನಂಗೆ." ಕವರನ್ನು ಎದೆಗವಚಿಕೊಂಡು ನಿಂತಳು. "ಆಂಟಿ, ಅಮ್ಮನ ಬಿಲ್ಲೆ ನಿಮ್ಮ ಹತ್ರ ಇದೆ ಅಲ್ವಾ. ಅವತ್ತು ಬಾಗಿಲಲ್ಲಿ ನೋಡ್ದೆ."

ನಾನು ತೆಗೆದು ತಂದೆ. ಅವಳು ಕೈ ಚಾಚಿದಳು.

"ನಂಗೆ ಈಗ್ಲೂ ಹೆದ್ರಿಕೆ ಆಗತ್ತೆ ಆಂಟಿ. ಆದ್ರೂ ಕೊಡಿ."

ಕತ್ತಿಗೆ ನಾನೇ ಕಟ್ಟಿದೆ. ಗಂಟು ಹಾಕುವಾಗ ನನ್ನ ಕಣ್ಣು ಮಂಜಾಗಿ ಎರಡು ಸಲ ದಾರ ಜಾರಿತು.

ದಟ್ಟಗಳ್ಳಿಯ ಮನೆಗೆ ಹೋದಾಗ ಕೆಂಪಮ್ಮ ಮೊಮ್ಮಗಳ ಕತ್ತು ನೋಡಿದರು. ಬಾಯಿಗೆ ಸೆರಗು ಹಿಡಿದರು. ಒಳಕೋಣೆಯಲ್ಲಿ ಎಡೆ ಸಿದ್ಧವಾಗಿತ್ತು. ಎರಡು ಎಲೆ, ಎರಡು ಸೀರೆ, ಅವುಗಳ ಮೇಲೆ ಇಂಚರಳ ಚೂಡಿದಾರ. ಕಜ್ಜಾಯ, ವಡೆ, ಬಾಡಿನ ಸಾರು, ಮುದ್ದೆ, ಅನ್ನ. ಧೂಪದ ಹೊಗೆಯಲ್ಲಿ ಇಬ್ಬರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. "ನಡೀರಪ್ಪ, ಆಚೆ ನಡೀರಿ, ಅವ್ರು ಉಣ್ಲಿ" ಎಂದು ಕೆಂಪಮ್ಮ ಎಲ್ಲರನ್ನೂ ಹೊರಡಿಸಿದರು. ಇಂಚರ ಏಳಲಿಲ್ಲ. ಎಲೆಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು, ಒಂದು ಕೈಯಲ್ಲಿ ಬಿಲ್ಲೆಯನ್ನು ಬಿಗಿಯಾಗಿ ಹಿಡಿದುಕೊಂಡು.

"ನಾನು ಒಳಗೇ ಇರ್ತೀನಿ. ನೀವು ಕದ ಹಾಕ್ಕೊಳ್ಳಿ."

"ಬ್ಯಾಡ ಕಣವ್ವ, ಅಂಗೆಲ್ಲ ಕೂರಬಾರ್ದು" ಎಂದರು ಕೆಂಪಮ್ಮ. ಸಿದ್ದರಾಜು ತಾಯಿಯ ಭುಜ ಹಿಡಿದು ಹೊರಗೆ ಕರೆತಂದರು. ಕದ ಮುಚ್ಚಿತು. ನಾವು ಹೊರಗೆ ನಿಂತೆವು. ಒಳಗಿನಿಂದ ಅಳು ಬರುತ್ತದೆ, ಕಿರುಚುತ್ತಾಳೆ, ಓಡಿಬರುತ್ತಾಳೆ ಎಂದು ನಾನು ಚಿಲಕದ ಮೇಲೆ ಕೈಯಿಟ್ಟುಕೊಂಡೇ ಇದ್ದೆ. ಏನೂ ಕೇಳಿಸಲಿಲ್ಲ. ಕೆಂಪಮ್ಮನ ಉಸಿರು ಮಾತ್ರ ಕೇಳುತ್ತಿತ್ತು.

ಆಮೇಲೆ ಒಳಗಿನಿಂದ ಇಂಚರಳ ದನಿ ಬಂತು. ಊಟಕ್ಕೆ ಬಡಿಸುವವರ ಹಾಗೆ, ಸ್ವಲ್ಪ ಅವಸರದಲ್ಲಿ.

"ಅಜ್ಜಿ, ಮೊಸರು ಇಟ್ಟೇ ಇಲ್ಲ ಕಣಜ್ಜಿ. ಅಮ್ಮ ಮೊಸರಿಲ್ದೆ ಏಳಲ್ಲ."

ಕೆಂಪಮ್ಮ ಅಡುಗೆಮನೆಗೆ ಓಡಿದರು. ಬಟ್ಟಲು ಹಿಡಿದು ಬರುವಷ್ಟರಲ್ಲಿ ಅರ್ಧ ಮೊಸರು ಅವರ ಕೈಮೇಲೆ ಚೆಲ್ಲಿತ್ತು. ಕದ ಒಂದು ಗೇಣಗಲ ತೆರೆಯಿತು. ಪುಟ್ಟ ಕೈಯೊಂದು ಹೊರಗೆ ಬಂದು ಬಟ್ಟಲು ತೆಗೆದುಕೊಂಡು ಒಳಗೆ ಹೋಯಿತು. ಕದ ಮತ್ತೆ ಮುಚ್ಚಿಕೊಂಡಿತು.